ಬುತ್ತಿ ಮುಗಿದ ಮೇಲೆ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣವು ದೊಡ್ಡ ಊರೇನಲ್ಲ. ಆದರೆ ಅದಕ್ಕೊಂದು ರೈಲು ನಿಲ್ದಾಣವುಂಟು. ಅಲ್ಲಿಂದ ಉತ್ತರಕ್ಕೆ ಸಾಗುವ ಹಳಿ ಹೋಟಗಿಯ ಮಾರ್ಗವಾಗಿ ಸೊಲ್ಲಾಪುರವನ್ನು ಮುಟ್ಟಿಸುತ್ತದೆ. ದಕ್ಷಿಣಕ್ಕೆ ಹೊರಟರೆ ವಿಜಯಪುರ, ಬಾಗಲಕೋಟೆ, ಗದಗುಗಳು ಒಂದೊಂದಾಗಿ ಬರುತ್ತವೆ. ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ, ಮದುವೆಯ ಜವಳಿಗೆ, ಹೀಗೆ ಯಾವ ಕಾರ್ಯಕ್ಕೆ ಹೊರಟರೂ ಈ ಸೀಮೆಯ ಪ್ರಯಾಣಿಕನ ಕೈಯಲ್ಲಿ ಬುತ್ತಿಯ ಗಂಟೊಂದು ಇದ್ದೇ ಇರುತ್ತದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಪಲ್ಯ, ಜೊತೆಗೊಂದು ಉಳ್ಳಾಗಡ್ಡಿ. ಖಡಕ್ ರೊಟ್ಟಿ ಹಲವು ದಿನ ಬಾಳುತ್ತದೆ. ಪಲ್ಯ ಮಾತ್ರ ಮರುದಿನವೇ ಹಳಸುತ್ತದೆ. ಗಂಟು ಬರಿದಾಗುತ್ತಲೇ ಅಪರಿಚಿತ ನಗರದ ನಡುವೆ ನಿಂತವನಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಇಲ್ಲಿ ಒಳ್ಳೆಯ ಊಟ ಎಲ್ಲಿ ದೊರೆತೀತು?

ಇದು ಕೇವಲ ನಾಲಗೆಯ ಪ್ರಶ್ನೆಯಲ್ಲ. ರೋಗಿಯ ಆರೈಕೆಗೆಂದು ಬಂದವನು ಕೆಟ್ಟ ಆಹಾರ ತಿಂದು ತಾನೇ ಹಾಸಿಗೆ ಹಿಡಿದರೆ ರೋಗಿಯನ್ನು ನೋಡುವವರಾರು? ಹಿಂದಿರುಗುವ ಟಿಕೇಟಿಗೆಂದು ಇಟ್ಟುಕೊಂಡ ಹಣ ಒಂದೇ ಊಟಕ್ಕೆ ಕರಗಿದರೆ ಗತಿಯೇನು? ಒಂದು ಕಾಲದಲ್ಲಿ ಇವೆರಡಕ್ಕಿಂತಲೂ ಕಠಿಣವಾದ ಮೂರನೆಯ ಪ್ರಶ್ನೆಯೊಂದಿತ್ತು: ತನ್ನನ್ನು ಒಳಗೆ ಬಿಟ್ಟುಕೊಳ್ಳುವರೇ?

ಡಾ. ಬಿ. ಆರ್. ಅಂಬೇಡ್ಕರರು ತಮ್ಮ ಬಾಲ್ಯದ ಒಂದು ಪ್ರಯಾಣವನ್ನು ಬರೆದಿಟ್ಟಿದ್ದಾರೆ. 1901ರಲ್ಲಿ, ಹತ್ತು ವರ್ಷದ ಆಸುಪಾಸಿನ ಬಾಲಕರಾಗಿದ್ದಾಗ, ಅವರು ಅಣ್ಣ ಮತ್ತು ಅಕ್ಕನ ಮಕ್ಕಳೊಡನೆ ತಂದೆಯನ್ನು ಕಾಣಲು ಸಾತಾರೆಯಿಂದ ಹೊರಟರು. ಮಸೂರು ನಿಲ್ದಾಣದಲ್ಲಿ ರೈಲಿನಿಂದಿಳಿದು ಎತ್ತಿನ ಗಾಡಿಯಲ್ಲಿ ಮುಂದುವರಿದರು. ಅವರ ಬಳಿ ಬುತ್ತಿ ಬೇಕಾದಷ್ಟಿತ್ತು. ಆದರೆ ಅವರ ಜಾತಿಯನ್ನು ತಿಳಿದವರಾರೂ ಕುಡಿಯಲು ನೀರು ಕೊಡಲಿಲ್ಲ. ನೀರಿಲ್ಲದೆ ಅನ್ನ ಗಂಟಲಿಗಿಳಿಯುವುದುಂಟೇ? ತುಂಬಿದ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಆ ಮಕ್ಕಳು ಹಸಿದು ಮಲಗಿದರು.

ಆ ಕಾಲದಲ್ಲಿ ದೂರದ ಪ್ರಯಾಣಿಕರಿಗೆ ಮಠ, ಛತ್ರ, ಧರ್ಮಶಾಲೆಗಳೇ ಆಸರೆ. ಇಂಡಿಗೆ ನೆರೆಯದಾದ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ದಾಸೋಹವನ್ನು ಬಾಳಿನ ಧರ್ಮವಾಗಿ ಸಾರಿದ್ದರು. ತುಮಕೂರಿನ ಸಿದ್ಧಗಂಗೆಯಲ್ಲಿ, ಧರ್ಮಸ್ಥಳದಲ್ಲಿ, ಬೀದರಿನ ಗುರುನಾನಕ್ ಝೀರಾದಲ್ಲಿ ಇಂದಿಗೂ ಬಂದವರಿಗೆಲ್ಲ ಊಟವುಂಟು. ಅಲ್ಲಿ ಹಣವನ್ನೂ ಕೇಳುವುದಿಲ್ಲ, ಹೆಸರನ್ನೂ ಕೇಳುವುದಿಲ್ಲ. ಆದರೆ ಎಲ್ಲ ಛತ್ರಗಳೂ ಹಾಗಿರಲಿಲ್ಲ. ಮುಂದೆ ಹೋಟೆಲುಗಳು ಬಂದಾಗಲೂ ಅನೇಕ ಕಡೆ ಜಾತಿಗೊಂದು ಕೋಣೆ, ಜಾತಿಗೊಂದು ಫಲಕ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ತನ್ನ ಹದಿನೈದನೆಯ ವಿಧಿಯಲ್ಲಿ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳಿಗೆ ಜಾತಿಯ ಕಾರಣದಿಂದ ಯಾರ ಪ್ರವೇಶವನ್ನೂ ತಡೆಯಕೂಡದೆಂದು ವಿಧಿಸಿತು. ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹವಾಗಿಸಿದ ಕಾಯಿದೆ 1955ರಲ್ಲಿ ಬಂದಿತು. ಕೆಲವು ಹಳ್ಳಿಗಳ ಚಹದಂಗಡಿಗಳಲ್ಲಿ ಬೇರೆ ಲೋಟವಿಡುವ ಸುದ್ದಿ ಇಂದಿಗೂ ಕಿವಿಗೆ ಬೀಳುವುದುಂಟು. ಅದು ನಾಚಿಕೆಗೇಡಿನ ಮಾತಷ್ಟೇ ಅಲ್ಲ, ಅಪರಾಧ.

ಫಲಕಗಳ ಮಾತು ಬಂದುದರಿಂದ ಬೆಂಗಳೂರಿನ ಒಂದು ಪ್ರಸಿದ್ಧ ಹೋಟೆಲಿನ ಕಥೆ ಇಲ್ಲಿ ಉಚಿತವಾಗುತ್ತದೆ. ಉಡುಪಿಯ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಅದನ್ನು ಆರಂಭಿಸಿದಾಗ ಅದರ ಹೆಸರು ಬ್ರಾಹ್ಮಣರ ಕಾಫಿ ಕ್ಲಬ್ಬು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಂಡುಬಂದರು. ಬಂದವರೇ ಪಾತ್ರೆಗಳನ್ನು ಬಿಸಿಹಬೆಯಿಂದ ಶುದ್ಧಗೊಳಿಸುವ ಕ್ರಮವನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ತಾವೇ ನೋಡಬಹುದೆಂದರು. ಹೆಸರೂ ಮಾವಳ್ಳಿ ಟಿಫಿನ್ ರೂಮ್ ಎಂದಾಯಿತು. ಹೋಟೆಲು ಒಳ್ಳೆಯದೆಂಬುದಕ್ಕೆ ಸಾಕ್ಷಿ ಯಾವುದು? ಬಾಗಿಲಿನ ಮೇಲಿನ ಜಾತಿಯೋ, ಒಳಗಿನ ಒಲೆಯೋ? ಇಂಥ ಹೋಟೆಲುಗಳು ಈ ಪ್ರಶ್ನೆಗೆ ಉತ್ತರ ಕೊಟ್ಟವು.

ಉತ್ತರ ಕರ್ನಾಟಕದವರಿಗಾದರೋ ಊಟವೆಂದರೆ ಖಾನಾವಳಿಯದೇ. ಮರಾಠಿಯ 'ಖಾನಾವಳ'ದೊಡನೆ ನಂಟುಳ್ಳ ಈ ಮಾತು ವಿಜಯಪುರ, ಹುಬ್ಬಳ್ಳಿ, ಧಾರವಾಡಗಳಲ್ಲಿ ಮನೆಮಾತು. ಅನೇಕ ಖಾನಾವಳಿಗಳು ನಿಜಕ್ಕೂ ಮನೆಗಳೇ: ಮುಂದಿನ ಪಡಸಾಲೆಯಲ್ಲಿ ನಾಲ್ಕಾರು ಮೇಜು, ಹಿಂದೆ ಒಲೆ. ರೊಟ್ಟಿ ಬಡಿಯುವ ಸದ್ದು ಓಣಿಯವರೆಗೂ ಕೇಳಿಸುತ್ತಿದ್ದರೆ ರೊಟ್ಟಿ ಹೆಂಚಿನಿಂದ ನೇರವಾಗಿ ತಾಟಿಗೆ ಬರುವುದೆಂದು ತಿಳಿಯಬಹುದು. ಕಾಳಿನದೊಂದು, ಕಾಯಿಪಲ್ಲೆಯದೊಂದು ಪಲ್ಯ. ಹಸಿ ಮೆಂತೆಯ ಸೊಪ್ಪು, ಮೊಸರು, ಚಟ್ನಿಪುಡಿ, ಕೊನೆಗೆ ಅನ್ನ ಸಾರು. ಇಷ್ಟನ್ನು ದಿನವೂ ಎರಡು ಹೊತ್ತು ಅಣಿಗೊಳಿಸುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ದುಡಿಮೆ ಅವರದಾದರೂ ಸಾಲ ಬೇಕಾದಾಗ ಬ್ಯಾಂಕಿನ ಬಾಗಿಲು ಅವರಿಗೆ ಸುಲಭವಾಗಿ ತೆರೆದುದಿಲ್ಲ. ಮುಂಬಯಿಯಲ್ಲಿ ಗಿರಣಿ ಕಾರ್ಮಿಕರಿಗೆ ಹೀಗೆಯೇ ಅಡುಗೆ ಮಾಡಿ ಬಡಿಸುತ್ತಿದ್ದ ಮಹಿಳೆಯರನ್ನು ಒಟ್ಟುಗೂಡಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದುದು ಈ ಕೊರತೆಯನ್ನು ನೀಗಲೆಂದೇ. 'ಲಿಂಗಾಯತ ಖಾನಾವಳಿ' ಎಂಬ ಫಲಕ ಇಂದಿಗೂ ಕಾಣುತ್ತದೆ. ಅದನ್ನು ಓದಿದವರು ಈಗ ತಿಳಿದುಕೊಳ್ಳುವುದು ಒಳಗಿರುವುದು ಸಸ್ಯಾಹಾರವೆಂದು ಮಾತ್ರ.

ಇಂಥ ಮನೆ ಅಪರಿಚಿತನ ಕಣ್ಣಿಗೆ ಬೀಳುವುದು ಹೇಗೆ? ಅದು ಸಾಮಾನ್ಯವಾಗಿ ನಿಲ್ದಾಣದ ಎದುರಿನ ದೀಪಾಲಂಕಾರದ ನಡುವೆ ಇರುವುದಿಲ್ಲ. ಅಲ್ಲಿನ ಕೆಲವು ಹೋಟೆಲುಗಳು ಒಮ್ಮೆ ಬಂದವನು ಮತ್ತೆ ಬರುವುದಿಲ್ಲವೆಂಬ ನಂಬಿಕೆಯ ಮೇಲೆಯೇ ನಡೆಯುತ್ತವೆ. ದಿನವೂ ಅದೇ ಗಿರಾಕಿಗಳನ್ನು ಎದುರಿಸಬೇಕಾದವನು ಅಷ್ಟು ಸುಲಭವಾಗಿ ಮೋಸಮಾಡಲಾರ. ಆದುದರಿಂದ ದಿನವೂ ಹೊರಗೆ ಉಣ್ಣುವವರನ್ನು ಕೇಳಬೇಕು: ಮಾರುಕಟ್ಟೆಯ ಹಮಾಲರು, ಕಚೇರಿಯ ಜವಾನರು, ಆಸ್ಪತ್ರೆಯಲ್ಲಿ ವಾರಗಟ್ಟಲೆ ಉಳಿದ ರೋಗಿಗಳ ಕಡೆಯವರು. "ಇಲ್ಲಿ ಒಳ್ಳೆಯ ಹೋಟೆಲು ಯಾವುದು?" ಎಂದು ಕೇಳಿದರೆ ಅವರು ಅತಿಥಿಗೆ ಒಪ್ಪುವಂಥ ದುಬಾರಿ ಹೆಸರೊಂದನ್ನು ಹೇಳಿಬಿಡುತ್ತಾರೆ. "ನೀವು ಎಲ್ಲಿ ಊಟ ಮಾಡ್ತೀರಿ?" ಎಂದು ಕೇಳಿದರೆ ಬೇರೆಯೇ ಉತ್ತರ ಬರುತ್ತದೆ, ಹೆಚ್ಚಾಗಿ ಅದೇ ಸರಿಯಾದ ಉತ್ತರ.

ಊರು ಬದಲಾದರೆ ಹೆಸರೂ ಬದಲಾಗುತ್ತದೆ. ಲಚ್ಯಾಣದ ಜೋಳದ ರೊಟ್ಟಿ ಸೊಲ್ಲಾಪುರದ ಮರಾಠಿಯಲ್ಲಿ ಭಾಕ್ರಿಯಾಗುತ್ತದೆ. ಬೆಂಗಳೂರಿನಲ್ಲಿ ಬರಿದೆ 'ಊಟ' ಎಂದರೆ ಅನ್ನವೇ ಮುಂದೆ ಬರುತ್ತದೆ. ರೊಟ್ಟಿ ಬೇಕಾದವರು 'ಉತ್ತರ ಕರ್ನಾಟಕದ ಊಟ' ಎಂಬ ಫಲಕವನ್ನು ಹುಡುಕಬೇಕು. ಮಂಗಳೂರಿನ ಕುಚ್ಚಲಕ್ಕಿಯ ದಪ್ಪ ಅಗುಳನ್ನು ಮೊದಲ ಸಲ ಕಂಡ ಬಯಲುಸೀಮೆಯವನು ಅದು ಬೆಂದಿಲ್ಲವೆಂದು ದೂರುವುದುಂಟು. ಎರಡು ದಿನ ತಾಳಿದರೆ ಅದರ ರುಚಿ ತಿಳಿಯುತ್ತದೆ.

ಶುಚಿತ್ವದ ವಿಷಯದಲ್ಲಿ ಮಾತ್ರ ತಾಳ್ಮೆ ಸಲ್ಲದು. ವಿಷಮಶೀತಜ್ವರ, ಕಾಲರಾಗಳು ಹೊಲಸು ನೀರಿನಿಂದಲೂ ಅಶುಚಿಯಾದ ಕೈಯಿಂದಲೂ ಹರಡುತ್ತವೆ. ಹೊಗೆಯಾಡುವ ಸಾರಿಗಿಂತ ಪಕ್ಕದಲ್ಲಿಟ್ಟ ನೀರಿನ ಲೋಟದ ಬಗೆಗೆ, ಹೆಚ್ಚಿಟ್ಟ ಹಣ್ಣಿನ ಬಗೆಗೆ ಎಚ್ಚರ ಹೆಚ್ಚಿರಬೇಕು. ಜನ ಉಣ್ಣುವ ಹೊತ್ತಿಗೇ ಹೋಗುವುದು ಲೇಸು; ಪಾತ್ರೆ ಬರಿದಾಗುತ್ತ ತುಂಬುತ್ತ ಇರುವಲ್ಲಿ ಅಡುಗೆ ಹಳಸಲು ಸಮಯವಿರದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಮೇರೆಗೆ ಪಡೆಯುವ ಹದಿನಾಲ್ಕು ಅಂಕಿಗಳ ಸಂಖ್ಯೆಯೊಂದನ್ನು ಹೋಟೆಲುಗಳು ಗೋಡೆಯ ಮೇಲೆ ತೋರಿಸಬೇಕು. ಆ ಸಂಖ್ಯೆ ಅಡುಗೆಯ ರುಚಿಯನ್ನು ಹೇಳುವುದಿಲ್ಲ. ದೂರು ಕೊಡಬೇಕಾದಾಗ ಯಾರ ಮೇಲೆ ಎಂಬುದನ್ನು ಹೇಳುತ್ತದೆ.

ಓದಿಗೆಂದು ಪರಸ್ಥಳಕ್ಕೆ ಹೋಗುವ ವಿದ್ಯಾರ್ಥಿಗೆ ಖಾನಾವಳಿಯ ನಂಟು ಒಂದು ಹೊತ್ತಿನದಲ್ಲ, ವರ್ಷಗಳದು. ತಿಂಗಳ ಹಣವನ್ನು ಮುಂಗಡವಾಗಿ ಕೊಡುವ ಮೊದಲು ಎರಡು ದಿನ ಬಿಡಿಯಾಗಿ ಉಂಡು ನೋಡಬೇಕು. ಊರಿಗೆ ಹೋದ ದಿನಗಳ ಲೆಕ್ಕ ಹೇಗೆಂದು ಕೇಳಿಟ್ಟುಕೊಳ್ಳಬೇಕು. ಅನೇಕ ಖಾನಾವಳಿಗಳಿಗೆ ಭಾನುವಾರ ರಾತ್ರಿ ರಜೆ. ಆರು ದಿನ ಒಲೆಯ ಮುಂದೆ ಬೆಂದ ಕೈಗಳಿಗೆ ಅಷ್ಟಾದರೂ ಬಿಡುವು ಬೇಡವೇ? ಆ ರಾತ್ರಿಯ ಊಟ ಎಲ್ಲಿ ಸಿಗುವುದೆಂದು ಶನಿವಾರವೇ ಆ ತಾಯಿಯನ್ನು ಕೇಳಿದರೆ, ತನಗೆ ನಂಬಿಕೆಯುಳ್ಳ ಇನ್ನೊಂದು ಮನೆಯನ್ನು ಆಕೆಯೇ ತೋರಿಸುತ್ತಾಳೆ.