ಬಿಡದ ತಲೆನೋವು: ಸರಿಯಾದ ವೈದ್ಯರನ್ನು ಹುಡುಕುವುದು ಹೇಗೆ?

ಕನ್ನಡಕ ಬದಲಿಸಿದ್ದಾಯಿತು, ಸೈನಸ್ ಇರಬೇಕೆಂದು ಹಬೆ ತೆಗೆದುಕೊಂಡದ್ದಾಯಿತು, ಪಿತ್ತವೆಂದು ಪಥ್ಯ ಮಾಡಿದ್ದೂ ಆಯಿತು. ತಲೆನೋವು ಮಾತ್ರ ಬಿಟ್ಟಿಲ್ಲ. ಹೀಗೆ ವರ್ಷಗಟ್ಟಲೆ ಅಲೆಯುವವರು ನಮ್ಮಲ್ಲಿ ಬಹಳ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳಲ್ಲಿ 18ರಿಂದ 65 ವರ್ಷದವರನ್ನು ನಿಮ್ಹಾನ್ಸ್ ಸಂಶೋಧಕರು ಸಮೀಕ್ಷೆ ಮಾಡಿದಾಗ, ಸುಮಾರು ನಾಲ್ವರಲ್ಲಿ ಒಬ್ಬರನ್ನು ಆ ವರ್ಷದಲ್ಲಿ ಮೈಗ್ರೇನ್ ಕಾಡಿದ್ದು ಕಂಡುಬಂತು. ಮೈಗ್ರೇನ್ ಪತ್ತೆಯಾಗುವುದು ಮುಖ್ಯವಾಗಿ ರೋಗಿ ಹೇಳುವ ವಿವರಗಳಿಂದ. ಆದ್ದರಿಂದ ಆ ವಿವರಗಳನ್ನು ಕೂತು ಕೇಳುವ ವೈದ್ಯರು ಸಿಗುವುದೇ ಅರ್ಧ ಚಿಕಿತ್ಸೆ.

1. ತುರ್ತಿನದೇ ಎಂದು ಮೊದಲು ನೋಡಿ

ಸಿಡಿಲು ಬಡಿದಂತೆ ಒಂದೇ ನಿಮಿಷದೊಳಗೆ ವಿಪರೀತಕ್ಕೇರಿದ ನೋವು. ಜ್ವರದ ಜೊತೆ ಕತ್ತು ಬಿಗಿತ. ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಹೋಗುವುದು, ಫಿಟ್ಸ್. ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು. ಇವುಗಳಲ್ಲಿ ಯಾವುದಿದ್ದರೂ ತಜ್ಞರನ್ನು ಹುಡುಕುತ್ತಾ ಕೂರಬೇಡಿ. 108ಕ್ಕೆ ಕರೆ ಮಾಡಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. 50 ವರ್ಷ ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ, ಗರ್ಭಿಣಿ ಅಥವಾ ಬಾಣಂತಿಗೆ ಬರುವ ತೀವ್ರ ತಲೆನೋವನ್ನೂ ತಡಮಾಡದೆ ತೋರಿಸಬೇಕು.

2. ನಾಲ್ಕು ವಾರ ಬರೆದಿಡಿ

ಹಳೆಯ ನೋಟ್‌ಬುಕ್ ಸಾಕು. ಬರೆಯುವುದು ಹೀಗಿರಲಿ: ‘ಮಂಗಳವಾರ, ಬೆಳಿಗ್ಗೆ 6ಕ್ಕೆ ಶುರು. ಎಡಗಣ್ಣಿನ ಹಿಂದೆ ಬಡಿತ. ಎರಡು ಸಲ ವಾಂತಿ. ಬೆಳಕು ಆಗುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಊಟ ಬಿಟ್ಟಿದ್ದೆ. ಮುಟ್ಟಿನ ಎರಡನೇ ದಿನ. 8ಕ್ಕೆ ಒಂದು ಮಾತ್ರೆ. ಸಂಜೆ 4ಕ್ಕೆ ಇಳಿಯಿತು.’

ಈ ಸಾಲುಗಳಲ್ಲೇ ವೈದ್ಯರಿಗೆ ಸುಳಿವಿದೆ. ಚಿಕಿತ್ಸೆ ಇಲ್ಲದಿದ್ದರೆ ಮೈಗ್ರೇನ್ 4ರಿಂದ 72 ಗಂಟೆ ಕಾಡುತ್ತದೆ. ಕ್ಲಸ್ಟರ್ ತಲೆನೋವು ಒಂದು ಕಣ್ಣಿನ ಸುತ್ತ, 15 ನಿಮಿಷದಿಂದ 3 ಗಂಟೆ ಇದ್ದು, ಆ ಕಣ್ಣಲ್ಲಿ ನೀರು ಸುರಿಸುತ್ತದೆ. ಎರಡರ ಔಷಧವೂ ಬೇರೆ ಬೇರೆ.

ಮೆಡಿಕಲ್ ಶಾಪ್‌ನಿಂದ ತಂದು ನುಂಗಿದ ಮಾತ್ರೆಗಳನ್ನೂ ಮುಚ್ಚಿಡದೆ ಬರೆಯಿರಿ. ತಲೆನೋವಿರುವವರು ಪ್ಯಾರಾಸಿಟಮಾಲ್‌ನಂಥ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧ ಬೆರೆತ ನೋವಿನ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳು ದಾಟಿ ತೆಗೆದುಕೊಂಡರೆ ಮಾತ್ರೆಯಿಂದಲೇ ತಲೆನೋವು ಬರಬಹುದು.

3. ಯಾರನ್ನು ಹುಡುಕಬೇಕು?

ಮೊದಲು ಪರಿಚಯದ ಎಂ.ಡಿ. ಫಿಸಿಷಿಯನ್ ಬಳಿ ಹೋಗಿ, ಬಿ.ಪಿ., ಕಣ್ಣು, ಹಲ್ಲಿನ ತೊಂದರೆಗಳನ್ನು ಅವರು ನೋಡಿಸುತ್ತಾರೆ. ಅಲ್ಲಿ ಹತೋಟಿಗೆ ಬಾರದಿದ್ದರೆ ಅಥವಾ ತಿಂಗಳಲ್ಲಿ ಹಲವು ದಿನ ಕೆಲಸ ಕೆಡುತ್ತಿದ್ದರೆ ನರರೋಗ ತಜ್ಞರು ಬೇಕು. ಬೋರ್ಡಿನಲ್ಲಿ ‘ಡಿ.ಎಂ. ನ್ಯೂರಾಲಜಿ’ ಅಥವಾ ‘ಡಿ.ಎನ್‌.ಬಿ. ನ್ಯೂರಾಲಜಿ’ ಎಂದಿರುವುದನ್ನು ನೋಡಿಕೊಳ್ಳಿ. ‘ಎಂ.ಸಿಎಚ್‌. ನ್ಯೂರೋಸರ್ಜರಿ’ ಓದಿದವರು ಶಸ್ತ್ರಚಿಕಿತ್ಸಕರು. ವೈದ್ಯರ ನೋಂದಣಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು.

ನರರೋಗ ತಜ್ಞರಲ್ಲೂ ಕೆಲವರು ಪಾರ್ಶ್ವವಾಯು, ಕೆಲವರು ಅಪಸ್ಮಾರದತ್ತ ಹೆಚ್ಚು ಗಮನ ಕೊಟ್ಟಿರುತ್ತಾರೆ. ಅಪಾಯಿಂಟ್‌ಮೆಂಟ್ ಕೇಳುವಾಗಲೇ ‘ತಲೆನೋವಿನ ರೋಗಿಗಳನ್ನು ಹೆಚ್ಚಾಗಿ ನೋಡುವ ಡಾಕ್ಟರ್ ಯಾರು? ತಲೆನೋವಿಗೆಂದೇ ಕ್ಲಿನಿಕ್ ಇದೆಯೇ?’ ಎಂದು ಕೇಳಿ.

4. ಎಲ್ಲಿಗೆ ಹೋಗಬೇಕು?

ಬೆಂಗಳೂರೇ ಆಗಬೇಕೆಂದಿಲ್ಲ. ನಿಮ್ಹಾನ್ಸ್ ಮತ್ತು ರಾಜ್ಯ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಅಪಸ್ಮಾರ, ಮರೆವಿನ ಕಾಯಿಲೆಗಳ ಜೊತೆಗೆ ತಲೆನೋವೂ ಸೇರಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ‘ಬ್ರೈನ್ ಹೆಲ್ತ್ ಕ್ಲಿನಿಕ್’ ಯಾವ ದಿನವೆಂದು ವಿಚಾರಿಸಿ. ವೈದ್ಯಕೀಯ ಕಾಲೇಜು ಆಸ್ಪತ್ರೆಯ ನ್ಯೂರಾಲಜಿ ವಿಭಾಗ ಮುಂದಿನ ಮೆಟ್ಟಿಲು. ಅಲ್ಲಿಯೂ ಬಗೆಹರಿಯದಿದ್ದರೆ ಹೊಸೂರು ರಸ್ತೆಯ ನಿಮ್ಹಾನ್ಸ್. ಹಳೆಯ ಚೀಟಿ, ಸ್ಕ್ಯಾನ್ ವರದಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಸ್ಟ್ರಿಪ್ ಎಲ್ಲವೂ ಕೈಯಲ್ಲಿರಲಿ.

5. ಮೊದಲ ಭೇಟಿಯಲ್ಲಿ ಗಮನಿಸಿ

ಒಳ್ಳೆಯ ವೈದ್ಯರು ನಿದ್ದೆ, ಊಟ, ಮುಟ್ಟು, ಮನೆಯಲ್ಲಿ ಇನ್ನಾರಿಗೆ ತಲೆನೋವಿದೆ ಎಂದೆಲ್ಲ ಕೇಳುತ್ತಾರೆ. ಕಣ್ಣಿನ ಒಳಭಾಗವನ್ನು ಟಾರ್ಚಿನಂಥ ಉಪಕರಣದಿಂದ ನೋಡುತ್ತಾರೆ. ಎಂಆರ್‌ಐ ಬರೆದರೆ ಯಾಕೆಂದು ಕೇಳಿ. ಎಲ್ಲರಿಗೂ ಅದು ಬೇಕಾಗುವುದಿಲ್ಲ. ನೀವು ಕೇಳಲೇಬೇಕಾದ ಪ್ರಶ್ನೆಗಳು ನಾಲ್ಕು: ನನ್ನದು ಯಾವ ಬಗೆಯ ತಲೆನೋವು? ನೋವು ಬಂದಾಗ ಯಾವ ಮಾತ್ರೆ, ವಾರಕ್ಕೆ ಎಷ್ಟರವರೆಗೆ? ಬಾರದಂತೆ ತಡೆಯಲು ದಿನವೂ ಮಾತ್ರೆ ಬೇಕೇ? ಅದರ ಅಡ್ಡಪರಿಣಾಮವೇನು?

ಆಸ್ತಮಾ, ಹೃದ್ರೋಗ ಇದ್ದರೆ, ಮಗು ಬೇಕೆಂಬ ಯೋಚನೆಯಿದ್ದರೆ ಮೊದಲೇ ಹೇಳಿ. ಮೈಗ್ರೇನ್‌ನ ಕೆಲವು ಔಷಧಗಳು ಇಂಥವರಿಗೆ ಆಗಿಬರುವುದಿಲ್ಲ.

6. ಎರಡು ಮೂರು ತಿಂಗಳು ಅವಕಾಶ ಕೊಡಿ

ತಡೆಗಟ್ಟುವ ಮಾತ್ರೆಗಳು ಫಲ ಕೊಡಲು ಎಂಟರಿಂದ ಹನ್ನೆರಡು ವಾರ ಬೇಕು. ಹದಿನೈದು ದಿನಕ್ಕೇ ಬೇಸತ್ತು ಡಾಕ್ಟರ್ ಬದಲಿಸಿದರೆ ಮತ್ತೆ ಮೊದಲಿಂದ ಶುರು. ನೋಟ್‌ಬುಕ್ಕಿನಲ್ಲಿ ನೋವಿನ ದಿನಗಳು ಅರ್ಧಕ್ಕಿಳಿದಿದ್ದರೆ ಚಿಕಿತ್ಸೆ ಸರಿಯಾದ ದಾರಿಯಲ್ಲಿದೆ. ಇಳಿಯದಿದ್ದರೆ ಅದೇ ಲೆಕ್ಕ ತೋರಿಸಿ ಔಷಧ ಬದಲಿಸಲು ಕೇಳಿ. ಕೇಳಿಸಿಕೊಳ್ಳದಿದ್ದರೆ ಆಗ ಬೇರೆಯವರ ಬಳಿ ಹೋಗಿ.

‘ಬರೀ ತಲೆನೋವು ತಾನೇ’ ಎಂದು ಮನೆಯವರು ಅಂದರೂ ಹಿಂಜರಿಯಬೇಡಿ. ಮೈಗ್ರೇನ್ ಮೆದುಳಿಗೆ ಸಂಬಂಧಿಸಿದ ಕಾಯಿಲೆ, ಅದಕ್ಕೆ ಔಷಧವಿದೆ. ಸಹಿಸಿಕೊಂಡು ದಿನ ದೂಡಬೇಕಾದ ಅಗತ್ಯ ಯಾರಿಗೂ ಇಲ್ಲ.