ಎಂಟು ದಿನ ಬಿಚ್ಚದ ಜಡೆ

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರಿಗೆ ಒಂದು ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ನಮ್ಮ ಚಿಕ್ಕಮ್ಮ ಅವರನ್ನು ಮಣೆಯ ಮೇಲೆ ಕೂರಿಸಿಕೊಂಡು, ಸೊಂಟದವರೆಗೆ ಇಳಿಯುವ ಕೂದಲಿನ ಸಿಕ್ಕು ಬಿಡಿಸಿ, ನಡುಬೈತಲೆ ತೆಗೆದು, ಶಾಲೆಗೆ ಹೋಗುವ ಹುಡುಗಿಯರಿಗೆ ಹಾಕುವಂತೆ ಎರಡು ಜಡೆ ಹಾಕಿದರು. "ಈ ವಯಸ್ಸಿನಲ್ಲಿ ನನಗೆ ಎರಡು ಜಡೆಯೇನೇ?" ಎಂದು ಅಮ್ಮ ನಕ್ಕರು. ಚಿಕ್ಕಮ್ಮ ನಗಲಿಲ್ಲ. "ಒಂದೇ ಜಡೆ ಹಾಕಿದರೆ ದಿಂಬಿನ ಮೇಲೆ ತಲೆಯಿಟ್ಟಾಗ ಹಿಂದೆ ಒತ್ತುತ್ತದೆ ಅಕ್ಕ. ಎಷ್ಟು ದಿನ ಮಲಗಿರಬೇಕೋ ಏನೋ" ಎಂದರು.

ಎಂಟು ದಿನ ಆ ಜಡೆಗಳನ್ನು ಯಾರೂ ಮುಟ್ಟಲಿಲ್ಲ. ಮನೆಗೆ ಬಂದ ಮೇಲೆ ಚಿಕ್ಕಮ್ಮನೇ ಅವನ್ನು ಬಿಚ್ಚಿ ಬಾಚಿದರು. ಬಾಚಣಿಗೆಯಲ್ಲಿ ಒಂದು ಹಿಡಿ ಕೂದಲು ಬಂದಿತು. ಅದನ್ನು ನೋಡಿ ಅಮ್ಮನ ಕಣ್ಣಲ್ಲಿ ನೀರೂ ಬಂದಿತು. ಹೊಟ್ಟೆಯ ಮೇಲಿನ ಗಾಯಕ್ಕೆ ಅಳದವರು ಕೂದಲಿಗಾಗಿ ಅತ್ತರು. ನೋಡಲು ಬಂದಿದ್ದ ನೆರೆಹೊರೆಯವರು ತೀರ್ಪನ್ನೂ ಕೊಟ್ಟರು: "ಅಷ್ಟು ದಿನ ಜಡೆ ಬಿಚ್ಚದೆ ಇಟ್ಟರೆ ಇನ್ನೇನಾಗುತ್ತೆ? ಬುಡವೆಲ್ಲ ಕೊಳೆತಿರುತ್ತೆ. ಕತ್ತರಿಸಿಬಿಡಿ, ಹೊಸದಾಗಿ ಬರಲಿ." ಅಮ್ಮ ಒಪ್ಪುವಂತೆಯೇ ಕಂಡರು. ಚಿಕ್ಕಮ್ಮ ಮಾತ್ರ ಅಪರಾಧಿಯಂತೆ ಸುಮ್ಮನೆ ಕುಳಿತಿದ್ದರು.

ನಾನು ಆ ಕೂದಲಿನ ಉಂಡೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಮರುದಿನ ಕಾಲೇಜಿಗೆ ಹೋಗಿ ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗಿದೆ. 2.1 ಗ್ರಾಂ! ಕೈತುಂಬ ಕಂಡದ್ದರಲ್ಲಿ ಹೆಚ್ಚಿನ ಪಾಲು ಗಾಳಿಯೇ.

ಈ ಎರಡು ಗ್ರಾಮಿನಲ್ಲಿ ಎಷ್ಟು ಕೂದಲಿದೆಯೆಂದು ಎಣಿಸದೆಯೇ ತಿಳಿಯಬಹುದು. ಕೂದಲಿನ ವ್ಯಾಸ ಸಾಮಾನ್ಯವಾಗಿ ಒಂದು ಮಿಲಿಮೀಟರಿನ 5ರಿಂದ 10 ಶತಾಂಶ, 0.07 ಮಿಲಿಮೀಟರು ಎಂದು ಇಟ್ಟುಕೊಳ್ಳೋಣ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 1.3 ಗ್ರಾಂ. ಆಗ 80 ಸೆಂಟಿಮೀಟರು ಉದ್ದದ ಒಂದು ಕೂದಲು ಸುಮಾರು 4 ಮಿಲಿಗ್ರಾಂ ತೂಗುತ್ತದೆ. ಅಂದಮೇಲೆ ಉಂಡೆಯಲ್ಲಿ ಇದ್ದದ್ದು ಐನೂರಿಪ್ಪತ್ತೈದರ ಆಸುಪಾಸು, ದಿನಕ್ಕೆ ಅರವತ್ತೈದು. ಆರೋಗ್ಯವಂತರ ತಲೆಯಿಂದ ಪ್ರತಿದಿನ 50ರಿಂದ 100 ಕೂದಲು ಸಹಜವಾಗಿಯೇ ಉದುರುತ್ತವೆ. ಪ್ರತಿ ಕೂದಲೂ ಕೆಲವು ವರ್ಷ ಬೆಳೆದು, ಕೆಲವು ತಿಂಗಳು ವಿರಮಿಸಿ, ತಾನಾಗಿ ಕಳಚಿಕೊಂಡು ಹೊಸದಕ್ಕೆ ಎಡೆ ಮಾಡಿಕೊಡುವುದು ಪ್ರಕೃತಿಯ ಏರ್ಪಾಡು. ದಿನವೂ ಬಾಚುವವರ ಕೂದಲು ದಿನಕ್ಕಿಷ್ಟರಂತೆ ಬಾಚಣಿಗೆಗೂ ಬಚ್ಚಲಿಗೂ ನೆಲಕ್ಕೂ ಹಂಚಿಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಜಡೆ ಅದನ್ನು ಎಂಟು ದಿನ ಕೂಡಿಟ್ಟು ಒಮ್ಮೆಗೇ ಲೆಕ್ಕ ಒಪ್ಪಿಸಿತು, ಅಷ್ಟೆ.

ಆದರೂ ಒಂದು ಸಂಶಯ ಉಳಿಯಿತು. ಉದುರಿದ ಕೂದಲು ಬೇರೆ, ತುಂಡಾದ ಕೂದಲು ಬೇರೆ. ಇವನ್ನು ಬೇರ್ಪಡಿಸುವುದು ಸುಲಭ. ಸಹಜವಾಗಿ ಉದುರಿದ ಕೂದಲಿನ ಬುಡದಲ್ಲಿ ಎಳ್ಳಿಗಿಂತ ಎಷ್ಟೋ ಚಿಕ್ಕದಾದ ಒಂದು ಬಿಳಿಯ ಗುಬುಟು ಇರುತ್ತದೆ. ನಡುವೆ ಮುರಿದದ್ದರಲ್ಲಿ ಅದಿರುವುದಿಲ್ಲ. ಮಸೂರದ ಅಡಿಯಲ್ಲಿ ನಾನು ಬಿಡಿಸಿ ನೋಡಿದ ಐವತ್ತರಲ್ಲಿ ನಲವತ್ತಾರಕ್ಕೆ ಗುಬುಟು ಇದ್ದಿತು. ಚಿಕ್ಕಮ್ಮನ ಮೇಲಿನ ಆರೋಪ ಅಲ್ಲಿಗೇ ಬಿದ್ದುಹೋಯಿತು. ಆದರೆ ಅವರ ಜಡೆ ಏಕೆ ಕೂದಲನ್ನು ಕಾಪಾಡಿತು, ಎಂಥ ಜಡೆ ಕೆಡಿಸುತ್ತದೆ ಎಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳು ಯೋಚಿಸತಕ್ಕ ವಿಷಯ.

ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಅದರ ಹೊರಮೈಯನ್ನು ಮಂಗಳೂರು ಹೆಂಚಿನ ಛಾವಣಿಯಂತೆ ಒಂದರ ಮೇಲೊಂದು ಹೊದಿಸಿದ ಶಲ್ಕಗಳು ಮುಚ್ಚಿರುತ್ತವೆ. ಹೆಂಚುಗಳು ಮಳೆನೀರು ಇಳಿಯುವ ಕಡೆಗೆ ಬಾಗಿರುವಂತೆ ಶಲ್ಕಗಳ ಅಂಚು ಕೂದಲಿನ ತುದಿಯ ಕಡೆಗೆ ಇರುತ್ತದೆ. ಆದುದರಿಂದ ಬುಡದಿಂದ ತುದಿಗೆ ಕೈಯಾಡಿಸಿದರೆ ಘರ್ಷಣೆ ಕಡಿಮೆ; ತುದಿಯಿಂದ ಬುಡಕ್ಕೆ ಆಡಿಸಿದರೆ ಹೆಚ್ಚು. ಇದನ್ನು ನೀವೇ ಪರೀಕ್ಷಿಸಬಹುದು. ಉದುರಿದ ಒಂದು ಉದ್ದ ಕೂದಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಬೆರಳುಗಳನ್ನು ಕೂದಲಿನ ಉದ್ದಕ್ಕೆ ಹಿಂದೆ ಮುಂದೆ ಉಜ್ಜಿರಿ. ಬೆರಳುಗಳು ಎರಡು ಕಡೆಗೂ ಸಮನಾಗಿ ಆಡುತ್ತಿದ್ದರೂ ಕೂದಲು ಮಾತ್ರ ಒಂದೇ ಕಡೆಗೆ, ಬುಡ ಮುಂದಾಗಿ, ಮೆಲ್ಲನೆ ತೆವಳುತ್ತದೆ! ಕುರಿಯ ಉಣ್ಣೆಯನ್ನು ಒದ್ದೆ ಮಾಡಿ ಒತ್ತಿ ಉಜ್ಜಿದಾಗ ಅದು ಬಿಡಿಸಲಾಗದಂತೆ ಹೆಪ್ಪುಗಟ್ಟಿ ಕಂಬಳಿಯ ಮೈಯಾಗುವುದೂ ಈ ತೆವಳುವಿಕೆಯಿಂದಲೇ. ತಲೆಗೆ ಅಂಟಿಕೊಂಡಿರುವ ಕೂದಲು ತೆವಳಲಾರದು; ಕಳಚಿಕೊಂಡದ್ದು ತೆವಳೀತು. ಬಿಚ್ಚಿದ ಕೂದಲಿನಲ್ಲಿ ಮಲಗಿದವರು ದಿಂಬಿನ ಮೇಲೆ ಹೊರಳಿದಷ್ಟು ಸಲವೂ ಈ ಉಜ್ಜಾಟ ನಡೆಯುತ್ತದೆ. ಬೆಳಗ್ಗೆ ಕತ್ತಿನ ಬಳಿ ಗಂಟು ಸಿಕ್ಕುವುದು ಇದರಿಂದ.

ಜಡೆಯ ಮುಖ್ಯ ಉಪಕಾರವೆಂದರೆ ಈ ಉಜ್ಜಾಟವನ್ನು ನಿಲ್ಲಿಸುವುದು. ಅದು ಹೇಗೆಂದು ತಿಳಿಯಲು ಹಗ್ಗವನ್ನು ನೆನೆಯಬೇಕು. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ತನ್ನ ಕೊನೆಯ ಮಹಾಗ್ರಂಥದಲ್ಲಿ, ಎರಡು ಮೂರು ಮೊಳದ ನಾರುಗಳಿಂದ ಹೊಸೆದ ನೂರು ಮೊಳದ ಹಗ್ಗ ಎಳೆದರೂ ಏಕೆ ಕಿತ್ತುಬರುವುದಿಲ್ಲ ಎಂಬ ಪ್ರಶ್ನೆಯನ್ನು ಚರ್ಚಿಸಿದ್ದಾನೆ. ಎಳೆದಷ್ಟೂ ನಾರುಗಳು ಒಂದನ್ನೊಂದು ಒತ್ತುತ್ತವೆ. ಒತ್ತಿದಷ್ಟೂ ಘರ್ಷಣೆ ಹೆಚ್ಚುತ್ತದೆ. ದೋಣಿಯವನು ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಸುತ್ತಿ ಒಂದೇ ಕೈಯಲ್ಲಿ ದೋಣಿಯನ್ನು ಹಿಡಿದು ನಿಲ್ಲಿಸುವುದೂ ಹೀಗೆಯೇ. ಸುತ್ತಿನ ಕೋನ ಕೂಡುತ್ತ ಹೋದಂತೆ ಹಿಡಿತ ಗುಣಿಸುತ್ತ ಹೋಗುತ್ತದೆ. ಜಡೆಯ ಒಂದೊಂದು ಹೆಣಿಗೆಯಲ್ಲಿ ಎಳೆ ಸುಮಾರು ಒಂದು ರೇಡಿಯನ್ ತಿರುಗುತ್ತದೆಂದೂ, ಕೂದಲಿಗೂ ಕೂದಲಿಗೂ ಘರ್ಷಣಾಂಕ 0.3 ಎಂದೂ ಇಟ್ಟುಕೊಂಡರೆ, ಹತ್ತು ಹೆಣಿಗೆ ದಾಟುವಷ್ಟರಲ್ಲಿ ಹಿಡಿತ ಇಪ್ಪತ್ತು ಪಟ್ಟು, ಇಪ್ಪತ್ತು ಹೆಣಿಗೆಗೆ ನಾನೂರು ಪಟ್ಟು! ತುದಿಯಲ್ಲಿ ಒಂದು ಚಿಕ್ಕ ಟೇಪು ಸಾಕಾಗುವುದೂ, ಕಳಚಿಕೊಂಡ ಕೂದಲು ಜಡೆಯಿಂದ ಜಾರಿಹೋಗದೆ ಬಿಚ್ಚುವ ದಿನದವರೆಗೆ ಅಲ್ಲೇ ಕಾದಿರುವುದೂ ಇದರಿಂದಲೇ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ. ಘರ್ಷಣೆಯೇ ಇಷ್ಟು ಹಿಡಿದಿರುವಾಗ ಕೈಬಲದಿಂದ ಬಿಗಿಯುವ ಅಗತ್ಯವಿಲ್ಲ. ಜಡೆ ಬಹು ದಿನ ನಿಲ್ಲಲೆಂದು ಬುಡದಲ್ಲಿ ಬಿಗಿದು ಹಾಕುವವರು ಲಾಭವಿಲ್ಲದೆ ನಷ್ಟವನ್ನು ಮಾತ್ರ ಕಟ್ಟಿಕೊಳ್ಳುತ್ತಾರೆ.

(ಜಡೆ ಹಾಕಿದವರೆಲ್ಲರೂ ಬಲ್ಲ ಒಂದು ತೊಡಕನ್ನು ಇಲ್ಲಿ ಹೇಳದೆ ಇರಲಾರೆ. ಉದ್ದ ಕೂದಲನ್ನು ಮೇಲಿನಿಂದ ಹೆಣೆಯುತ್ತ ಬಂದಂತೆ ಕೈಯ ಕೆಳಗೆ ಜೋಲುವ ಎಳೆಗಳು ತಾವಾಗಿಯೇ ಹೆಣೆದುಕೊಳ್ಳುತ್ತವೆ. ಹಾಗೆ ಆದ ಕೆಳಗಿನ ಹೆಣಿಗೆ ಮೇಲಿನದರ ಕನ್ನಡಿಬಿಂಬ. ಎಮಿಲ್ ಆರ್ಟಿನ್ ಎಂಬ ಗಣಿತಜ್ಞ 1925ರಲ್ಲಿ ಜಡೆಗಳ ಬೀಜಗಣಿತವನ್ನೇ ಕಟ್ಟಿದ. ಜಡೆಗೆ ಅದರ ಕನ್ನಡಿಬಿಂಬವನ್ನು ಜೋಡಿಸಿದರೆ ಎರಡೂ ಅಳಿದು ನೇರವಾದ ಎಳೆಗಳು ಉಳಿಯುತ್ತವೆಂಬುದು ಅದರಲ್ಲಿನ ಮೊದಲ ಪಾಠಗಳಲ್ಲೊಂದು. ನಮ್ಮ ತಾಯಂದಿರು ಕೆಳಗಿನ ಸಿಕ್ಕನ್ನು ಆಗಾಗ ಬಿಡಿಸಿಕೊಳ್ಳದಿದ್ದರೆ ಅವರು ಹಾಕಿದ್ದೆಲ್ಲ ಲೆಕ್ಕದಲ್ಲಿ ಸೊನ್ನೆಯೇ!)

ಈಗ ನಷ್ಟದ ಕಡೆಗೆ ಬರೋಣ. ಜಡೆಯ ಭಾರದಿಂದ ಕೂದಲು ಕೀಳುತ್ತದೆಂಬ ನಂಬಿಕೆಯುಂಟು. ಅದು ಸರಿಯಲ್ಲ. ಒಂದು ಕೂದಲಿನ ತೂಕ 4 ಮಿಲಿಗ್ರಾಂ. ಅದು ತುಂಡಾಗಲು ಬೇಕಾದ ಭಾರ ಸುಮಾರು 70ರಿಂದ 80 ಗ್ರಾಂ. ತನ್ನ ತೂಕದ ಹದಿನೆಂಟು ಸಾವಿರ ಪಟ್ಟು ಹೊರಬಲ್ಲ ತಂತಿಗೆ ತನ್ನ ಭಾರವೊಂದು ಭಾರವೇ? ಕೇಡು ಇರುವುದು ಭಾರದಲ್ಲಲ್ಲ, ಹಂಚಿಕೆಯಲ್ಲಿ. ನೆತ್ತಿಯಿಂದ ಮೊದಲ ಹೆಣಿಗೆಯವರೆಗೆ 10 ಸೆಂಟಿಮೀಟರು ದೂರವಿದೆ ಎನ್ನಿ. ಅಕ್ಕಪಕ್ಕದ ಎರಡು ಕೂದಲುಗಳಲ್ಲಿ ಒಂದು ಇನ್ನೊಂದಕ್ಕಿಂತ ಒಂದೇ ಒಂದು ಮಿಲಿಮೀಟರು ಹೆಚ್ಚು ಬಿಗಿಯಾಗಿ ಸಿಕ್ಕಿಕೊಂಡಿತು. ಅದು ನೂರಕ್ಕೆ ಒಂದು ಪಾಲು ಹಿಗ್ಗಬೇಕು. ಕೂದಲಿನ ಯಂಗ್ ಗುಣಾಂಕವನ್ನು ಚದರ ಮೀಟರಿಗೆ 400 ಕೋಟಿ ನ್ಯೂಟನ್ ಎಂದು ಹಿಡಿದು ಹುಕ್‌ನ ನಿಯಮವನ್ನು ಹಚ್ಚಿದರೆ, ಆ ಒಂದೇ ಕೂದಲಿನ ಮೇಲೆ 15 ಗ್ರಾಮಿನಷ್ಟು ಸೆಳೆತ ಬೀಳುತ್ತದೆ. ನೆರೆಯ ಕೂದಲು ಸಡಿಲವಾಗಿ ಕುಳಿತು ನೋಡುತ್ತಿರುತ್ತದೆ! ನೆತ್ತಿಯ ಚರ್ಮ ಸ್ವಲ್ಪ ಬಗ್ಗಿಕೊಡುವುದರಿಂದ ಪೂರ್ತಿ ಅಷ್ಟೇ ಬೀಳದಿರಬಹುದು. ಕೂದಲೇನೋ ತಾಳೀತು. ಆದರೆ ಅದು ನಾಟಿರುವ ಬುಡ ಜೀವಂತ ಅಂಗ. ಗಂಟೆಗಟ್ಟಲೆಯಲ್ಲ, ದಿನಗಟ್ಟಲೆ ಎಡೆಬಿಡದೆ ಸೆಳೆದರೆ ಅದು ಸೋಲುತ್ತದೆ. ಗ್ರೀನ್‌ಲೆಂಡಿನಲ್ಲಿ ಕೂದಲನ್ನು ಎಳೆದು ಬಿಗಿಯಾಗಿ ಕಟ್ಟುವವರ ಹಣೆಯಂಚಿನಲ್ಲಿ ಕೂದಲು ಅಳಿದುಹೋಗುವುದನ್ನು 1907ರಷ್ಟು ಹಿಂದೆಯೇ ವೈದ್ಯರು ವರ್ಣಿಸಿದ್ದರು. ಮೊದಮೊದಲು ಇದು ವಾಸಿಯಾಗುತ್ತದೆ. ವರ್ಷಗಟ್ಟಲೆ ನಡೆದರೆ ಬುಡವೇ ಬತ್ತಿ ಮತ್ತೆ ಬೆಳೆಯುವುದಿಲ್ಲ. ಆದುದರಿಂದ ಹಲವು ದಿನ ಇರಬೇಕಾದ ಜಡೆಯ ಮೊದಲ ಎರಡು ಮೂರು ಹೆಣಿಗೆ ಸಡಿಲವಾಗಿರತಕ್ಕದ್ದು. ಹುಬ್ಬೆತ್ತಿದಾಗ ಹಣೆಯಂಚಿನಲ್ಲಿ ನೋವು ತೋರಿದರೆ ಆ ಜಡೆಯನ್ನು ಆ ರಾತ್ರಿಯೇ ಬಿಚ್ಚಬೇಕು. ನಾಳೆ ಸರಿಹೋದೀತೆಂದು ಕಾಯಬಾರದು.

ತುದಿಯ ಕಟ್ಟು ಇನ್ನೊಂದು ಸ್ಥಾನ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುವುದರಿಂದ ಸೊಂಟದ ಬಳಿಯ ತುದಿಗೆ ಆರು ವರ್ಷಕ್ಕೂ ಮೀರಿದ ವಯಸ್ಸು. ಅಷ್ಟು ಕಾಲದ ಬಿಸಿಲು, ಬಾಚಣಿಗೆಗಳಿಂದ ಅಲ್ಲಿನ ಶಲ್ಕಗಳು ಸವೆದಿರುತ್ತವೆ. ಬರಿಯ ರಬ್ಬರನ್ನು ಅಲ್ಲಿ ಬಿಗಿದರೆ, ಜಡೆ ಬೆನ್ನಮೇಲೆ ಆಡಿದಷ್ಟು ಸಲವೂ ಕೂದಲು ಆ ಒಂದೇ ಗೆರೆಯಲ್ಲಿ ಬಾಗುತ್ತದೆ. ತಂತಿಯನ್ನು ಒಂದೇ ಕಡೆ ಬಗ್ಗಿಸಿ ಬಗ್ಗಿಸಿ ಮುರಿಯುವುದಿಲ್ಲವೆ? ಬಟ್ಟೆಯ ಟೇಪು ಉತ್ತಮ. ಅದನ್ನೂ ದಿನ ಬಿಟ್ಟು ದಿನ ಒಂದಂಗುಲ ಮೇಲೆ ಕೆಳಗೆ ಸರಿಸುವುದು ಇನ್ನೂ ಉತ್ತಮ.

ಆದರೆ ಎಲ್ಲಕ್ಕಿಂತ ಹೆಚ್ಚಿನ ತಪ್ಪು ನಡೆಯುವುದು ನೀರಿನ ವಿಷಯದಲ್ಲಿ. ತಲೆಗೆ ಎರೆದುಕೊಂಡು, ಅರೆಬರೆ ಒರಸಿಕೊಂಡು, ಕಾಲೇಜಿಗೆ ಹೊತ್ತಾಯಿತೆಂದು ಒದ್ದೆ ಕೂದಲಿಗೇ ಜಡೆ ಹಾಕಿಕೊಂಡು ಬರುವ ವಿದ್ಯಾರ್ಥಿನಿಯರನ್ನು ನಾನು ದಿನವೂ ಕಾಣುತ್ತೇನೆ. ಕೆರಾಟಿನ್ನಿನ ಅಣುಸರಪಣಿಗಳು ಸ್ಪ್ರಿಂಗಿನಂತೆ ಸುರುಳಿಯಾಗಿರುತ್ತವೆ. ಈ ಸುರುಳಿಯ ಸ್ವರೂಪವನ್ನು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು ವಿವರಿಸಿದರು. ಸುರುಳಿಗಳನ್ನು ಹಿಡಿದಿಡುವ ಬಂಧಗಳಲ್ಲಿ ಗಂಧಕದವು ಗಟ್ಟಿ, ಜಲಜನಕದವು ದುರ್ಬಲ. ನೀರು ಒಳಹೊಕ್ಕಾಗ ಈ ದುರ್ಬಲ ಬಂಧಗಳು ಬಿಚ್ಚಿಕೊಳ್ಳುತ್ತವೆ. ಕೂದಲು ತನ್ನ ತೂಕದ ನೂರಕ್ಕೆ 30 ಪಾಲಿನಷ್ಟು ನೀರು ಕುಡಿದು, ಅಡ್ಡಗಲದಲ್ಲಿ ನೂರಕ್ಕೆ 14ರಷ್ಟು ಉಬ್ಬಿ, ಉದ್ದದಲ್ಲಿ ಒಂದೆರಡು ಪಾಲು ಮಾತ್ರ ಬೆಳೆಯುತ್ತದೆ. ಈ ಚಿಕ್ಕ ಬೆಳವಣಿಗೆಯನ್ನೇ ಬಳಸಿಕೊಂಡು ಜಿನೀವದ ಸೊಸ್ಯೂರ್ ಗಾಳಿಯ ತೇವವನ್ನು ಅಳೆಯುವ ಕೂದಲಿನ ಮಾಪಕವನ್ನು ರಚಿಸಿ 1783ರಲ್ಲಿ ವಿವರ ಪ್ರಕಟಿಸಿದ. ಒದ್ದೆ ಕೂದಲನ್ನು ಹಿಗ್ಗಿಸಲು ಒಣಗಿದ್ದಕ್ಕೆ ಬೇಕಾದ ಬಲದ ಸುಮಾರು ಅರ್ಧವೇ ಸಾಕು. ಕೈಗೆ ಮೆತ್ತಗೆ ಬರುವುದರಿಂದ ಹಾಕುವವರು ಅರಿಯದೆ ಹೆಚ್ಚು ಎಳೆಯುತ್ತಾರೆ. ಬಳಿಕ ಒಣಗುತ್ತ ಬುಡದ ನೇರ ಭಾಗ ಗಿಡ್ಡವಾಗಲು ಯತ್ನಿಸುತ್ತದೆ. ನೂರಕ್ಕೆ ಒಂದು ಪಾಲು ಎಂದರೆ ಎಷ್ಟು ಸೆಳೆತವೆಂದು ಈಗತಾನೆ ಲೆಕ್ಕ ಹಾಕಿದೆವು.

ಅದೂ ಅಲ್ಲದೆ ದಪ್ಪ ಜಡೆ ಬೇಗ ಒಣಗುವುದಿಲ್ಲ. ಒಳಗಿನ ತೇವ ವ್ಯಾಪಿಸಿ ಹೊರಬರಲು ಹಿಡಿಯುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಒಂದು ಸೆಂಟಿಮೀಟರಿನ ಜಡೆಗಿಂತ ಮೂರು ಸೆಂಟಿಮೀಟರಿನದು ಸ್ಥೂಲವಾಗಿ ಒಂಬತ್ತು ಪಟ್ಟು ಹೊತ್ತು ತೆಗೆದುಕೊಳ್ಳುತ್ತದೆ. ಬುಡದಲ್ಲಿ ಬಹುಕಾಲ ನಿಂತ ತೇವ, ಬೆವರು, ಜಿಡ್ಡುಗಳು ಹೊಟ್ಟು ಹುಟ್ಟಿಸುವ ಸೂಕ್ಷ್ಮಜೀವಿಗಳಿಗೆ ಹಬ್ಬ. ಮುಡಿದ ಮಲ್ಲಿಗೆಯನ್ನು ಸಂಜೆ ತೆಗೆಯದೆ ಬಾಡಲು ಬಿಡುವುದೂ ಇದೇ ಸಾಲಿಗೆ ಸೇರಿದ್ದು. ಎರಡು ಜಡೆ ಹಾಕಿದ ಚಿಕ್ಕಮ್ಮ ದಿಂಬಿನ ಒತ್ತಿನ ಜೊತೆಗೆ ಈ ಕಷ್ಟವನ್ನೂ ತಗ್ಗಿಸಿದ್ದರು.

ಅವರು ಜಡೆ ಹಾಕುವ ಮುನ್ನ ಅಂಗೈಯಲ್ಲಿ ನಾಲ್ಕು ಹನಿ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಕೂದಲಿನ ಉದ್ದಕ್ಕೂ ಸವರಿದ್ದರು. ಇದು ಬರಿಯ ರೂಢಿಯಲ್ಲ. 2003ರಲ್ಲಿ ರೆಲೆ ಮತ್ತು ಮೊಹಿಲೆ ಎಂಬ ಭಾರತೀಯ ಸಂಶೋಧಕರು ಕೊಬ್ಬರಿ, ಸೂರ್ಯಕಾಂತಿ, ಖನಿಜ ಎಣ್ಣೆಗಳನ್ನು ಹೋಲಿಸಿ, ತೊಳೆದು ಬಾಚುವಾಗ ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ಕೊಬ್ಬರಿ ಎಣ್ಣೆಯೊಂದೇ ಗಣನೀಯವಾಗಿ ತಗ್ಗಿಸುತ್ತದೆಂದು ಕಂಡರು. ಅದರ ಅಣುಗಳು ಚಿಕ್ಕವೂ ನೇರವೂ ಆಗಿರುವುದರಿಂದ ಕೂದಲಿನ ಒಳಕ್ಕೆ ಇಳಿಯುತ್ತವೆ ಎಂಬುದು ಅವರ ವಿವರಣೆ. ಆದರೆ ಹನಿಗಟ್ಟಲೆಯಲ್ಲಿ ಸವರಬೇಕೇ ಹೊರತು ಬುಡ ತೊಯ್ಯುವಷ್ಟು ಹಚ್ಚಿ ವಾರಗಟ್ಟಲೆ ಬಿಡಬಾರದು. ಧೂಳು ಅದಕ್ಕೇ ಬಂದು ಅಂಟುತ್ತದೆ.

ಎಷ್ಟು ದಿನ ಬಿಡಬಹುದೆಂದು ಕೇಳಿದರೆ ಸೂತ್ರವಿಲ್ಲ. ಬೆವರುತ್ತ ಓಡಾಡುವವರು ಮೂರು ನಾಲ್ಕು ದಿನಕ್ಕೆ ಬಿಚ್ಚುವುದು ಲೇಸು. ಹಾಸಿಗೆ ಹಿಡಿದವರು ನೆತ್ತಿ ಒಣಗಿದ್ದರೆ ವಾರದವರೆಗೆ ಬಿಡಬಹುದು ಎಂಬುದು ನನ್ನ ಅಭಿಪ್ರಾಯ. ದಿನ ಹೆಚ್ಚಿದಂತೆ ಒಳಗೆ ಕಳಚಿದ ಕೂದಲು ಹೆಚ್ಚುತ್ತದೆ, ಬಿಡಿಸುವ ಕೆಲಸವೂ ಹೆಚ್ಚುತ್ತದೆ.

ಬಿಡಿಸುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಬುಡದಿಂದ ಒಂದೇ ಸಮನೆ ಬಾಚಣಿಗೆ ಎಳೆದರೆ ಅಲ್ಲಲ್ಲಿನ ಸಿಕ್ಕುಗಳೆಲ್ಲ ಕೆಳಗೆ ಸರಿದು ಒಂದೇ ಗಂಟಾಗಿ ಬಿಗಿಯುತ್ತವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಮಹಾದೇವನ್ ಮತ್ತು ಸಂಗಡಿಗರು 2022ರಲ್ಲಿ, ಹೆಣೆದುಕೊಂಡ ಎರಡು ಸುರುಳಿಗಳ ನಡುವೆ ಒಂದೇ ಹಲ್ಲನ್ನು ಹಾಯಿಸುವ ಪ್ರಯೋಗ ನಡೆಸಿ, ತುದಿಯಿಂದ ಆರಂಭಿಸಿ ಗಿಡ್ಡ ಗಿಡ್ಡ ಎಳೆತಗಳಲ್ಲಿ ಮೇಲಕ್ಕೆ ಸಾಗುವುದೇ ಸರಿಯಾದ ದಾರಿಯೆಂದು ತೋರಿಸಿದರು. ಸಿಕ್ಕು ಹೊರಬೀಳಲು ತೆರೆದ ದಾರಿ ತುದಿಯೊಂದೇ ತಾನೆ. ಚಿಕ್ಕಮ್ಮ ಅಂದು ಹೆಣಿಗೆಗಳನ್ನು ಬೆರಳಿನಿಂದ ಬಿಚ್ಚಿ, ಬುಡ ಜಗ್ಗದಂತೆ ಕೂದಲನ್ನು ಎಡಗೈಯಲ್ಲಿ ಮೇಲೆ ಹಿಡಿದು, ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಗೇಣುದ್ದವನ್ನು ಮೊದಲು ಬಾಚಿದ್ದರು. ನಾನು ತಕ್ಕಡಿಯ ಲೆಕ್ಕವನ್ನು ಒಪ್ಪಿಸಿದಾಗ ಅವರು, "ನಿನ್ನ ಲೆಕ್ಕ ಇರಲಪ್ಪ, ಕತ್ತರಿ ಬೇಡ ಅಂತ ನಿಮ್ಮಮ್ಮನಿಗೆ ಹೇಳು" ಎಂದರು. ಹೇಳಿದೆ. ಶಸ್ತ್ರಚಿಕಿತ್ಸೆಯ ಆಯಾಸದಿಂದ ಎರಡು ಮೂರು ತಿಂಗಳ ಮೇಲೆ ಕೂದಲು ಸ್ವಲ್ಪ ಹೆಚ್ಚಾಗಿಯೇ ಉದುರುವುದುಂಟು, ಆಗ ಹೆದರಬಾರದು, ಜಡೆಗೂ ಅದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದೆ. ಹಾಗೆಯೇ ಉದುರಿತು, ಹಾಗೆಯೇ ನಿಂತಿತು. ಅಮ್ಮ ಈಗಲೂ ಹಬ್ಬದ ದಿನ ಜಡೆಗೆ ಕುಚ್ಚು ಕಟ್ಟಿಕೊಳ್ಳುತ್ತಾರೆ.