ಬಳ್ಳಿ ಒಂದೇ, ವೈನ್ ಬೇರೆ: ಬೋರ್ಡೊ ಮತ್ತು ಚಿಲಿ

ಬೋರ್ಡೊ ದ್ರಾವಣದ ಹೆಸರು ಕೇಳದ ದ್ರಾಕ್ಷಿ, ಅಡಿಕೆ ಬೆಳೆಗಾರರು ವಿರಳ. 1880ರ ದಶಕದಲ್ಲಿ ಈ ದ್ರಾವಣ ಬಳಕೆಗೆ ಬಂದದ್ದು ಫ್ರಾನ್ಸ್ ದೇಶದ ಬೋರ್ಡೊ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಈ ಸೀಮೆ ತನ್ನ ವೈನ್‌ಗೂ ಹೆಸರುವಾಸಿ. 19ನೆಯ ಶತಮಾನದ ಮಧ್ಯಭಾಗದಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಜಮೀನುದಾರರು ಇಲ್ಲಿಂದ ಕಡ್ಡಿಗಳನ್ನು ತರಿಸಿ ನೆಟ್ಟರು. ತಳಿಗಳು ಒಂದೇ ಆದರೂ ಎರಡು ದೇಶಗಳ ವೈನ್ ಒಂದೇ ಬಗೆಯದಲ್ಲ. ಇದಕ್ಕೆ ಮುಖ್ಯ ಕಾರಣಗಳು ತೋಟದಲ್ಲಿಯೇ ಇವೆ.

ಹವಾಗುಣ ಮತ್ತು ಮಣ್ಣು

ಬೋರ್ಡೊ ಸಮುದ್ರಕ್ಕೆ ಸಮೀಪ. ಸೆಪ್ಟೆಂಬರ್-ಅಕ್ಟೋಬರ್ ಕೊಯ್ಲಿನ ವೇಳೆಗೂ ಮಳೆಯ ಭಯವಿರುತ್ತದೆ. ಆದ್ದರಿಂದ ಬೆಳೆಗಾರರು ಒಂದೇ ತಳಿಯನ್ನು ನಂಬುವುದಿಲ್ಲ. ಗರಸು ಮಣ್ಣಿನಲ್ಲಿ ತಡವಾಗಿ ಮಾಗುವ ಕೆಬರ್ನೆ ಸೋವಿನ್ಯೊ, ಜೇಡಿ ಮಣ್ಣಿನಲ್ಲಿ ಬೇಗ ಮಾಗುವ ಮರ್ಲೊ ಬೆಳೆದು, ಎರಡರ ವೈನನ್ನೂ ಬೆರೆಸುತ್ತಾರೆ. ಈ ವೈನಿನಲ್ಲಿ ಹುಳಿ, ಒಗರು ಎದ್ದು ಕಾಣುತ್ತವೆ. ಉತ್ತಮವಾದುದು ಹಲವು ವರ್ಷ ಇಟ್ಟಷ್ಟೂ ಹದಗೊಳ್ಳುತ್ತದೆ.

ಚಿಲಿಯ ನಡುನಾಡಿನಲ್ಲಿ ಬೇಸಿಗೆ ಒಣ. ಆಂಡೀಸ್ ಪರ್ವತದ ಹಿಮ ಕರಗಿದ ನೀರೇ ನೀರಾವರಿಗೆ ಆಧಾರ. ಬಿಸಿಲು ಚೆನ್ನಾಗಿರುವುದರಿಂದ ಹಣ್ಣಿನಲ್ಲಿ ಸಕ್ಕರೆ ಹೆಚ್ಚಿ, ಹುಳಿ ತಗ್ಗುತ್ತದೆ. ವೈನ್ ಸಾಮಾನ್ಯವಾಗಿ ಮೃದುವಾಗಿದ್ದು, ಬೇಗ ಕುಡಿಯಲು ಯೋಗ್ಯವಾಗುತ್ತದೆ.

ತಪ್ಪು ಹೆಸರಿನ ಬಳ್ಳಿ

1860ರ ದಶಕದಲ್ಲಿ ಫಿಲಾಕ್ಸೆರ ಎಂಬ ಬೇರುಹೇನು ಫ್ರಾನ್ಸಿಗೆ ಹೊಕ್ಕು, ಮುಂದೆ ತೋಟಗಳನ್ನು ನಾಶಮಾಡಿತು. ಅಮೆರಿಕದ ಬೇರುಸಸ್ಯಗಳ ಮೇಲೆ ಕಸಿ ಮಾಡಿ ತೋಟಗಳನ್ನು ಮತ್ತೆ ಎಬ್ಬಿಸಬೇಕಾಯಿತು. ಆಗ, ಹೂ ಬಿಡುವಾಗ ಚಳಿ-ಮಳೆಯಾದರೆ ಕಾಯಿಕಟ್ಟದ ಕಾರ್ಮೆನೇರ್ ತಳಿಯನ್ನು ಬೋರ್ಡೊದವರು ಬಹುಮಟ್ಟಿಗೆ ಕೈಬಿಟ್ಟರು. ಚಿಲಿಗೆ ಈ ಹೇನು ತಗಲಲಿಲ್ಲ. ಅಲ್ಲಿ ಕಾರ್ಮೆನೇರ್ ಉಳಿಯಿತು. ಆದರೆ ಮರ್ಲೊ ಎಂಬ ಹೆಸರಿನಲ್ಲಿ!

ಕಾರ್ಮೆನೇರ್ ಮರ್ಲೊಗಿಂತ ಸುಮಾರು 3-4 ವಾರ ತಡವಾಗಿ ಮಾಗುತ್ತದೆ. ಎರಡನ್ನೂ ಒಟ್ಟಿಗೆ ಕೊಯ್ದಾಗ ವೈನಿಗೆ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆ ಬರುತ್ತಿತ್ತು. 1994ರಲ್ಲಿ ಫ್ರಾನ್ಸಿನ ತಳಿತಜ್ಞ ಜಾಂ ಮಿಶೆಲ್ ಬುರ್ಸಿಕೊ ತೋಟದಲ್ಲಿ ಬಳ್ಳಿಗಳನ್ನು ಪರೀಕ್ಷಿಸಿ ನಿಜವಾದ ತಳಿಯನ್ನು ಗುರುತಿಸಿದರು. ಕಾರ್ಮೆನೇರ್‌ನ ಎಳೆ ಎಲೆಯ ತಳಭಾಗ ಕೆಂಪು ಛಾಯೆಯದು, ಮರ್ಲೊದು ಬಿಳಿ. ಅನಂತರ ಎರಡನ್ನೂ ಬೇರ್ಪಡಿಸಿ, ಅವುಗಳ ಹದಕ್ಕೆ ತಕ್ಕಂತೆ ಕೊಯ್ಯುವುದು ರೂಢಿಯಾಯಿತು. ದೋಷವೆನಿಸಿದ್ದ ಬಳ್ಳಿಯೇ ಇಂದು ಚಿಲಿಯ ಹೆಗ್ಗುರುತಾಗಿದೆ.

ರೈತರು ಗಮನಿಸಬೇಕಾದುದು

ನಂದಿಬೆಟ್ಟದ ಸುತ್ತಲೂ ಫ್ರಾನ್ಸಿನ ವೈನ್ ತಳಿಗಳ ತೋಟಗಳಿವೆ. ಇಲ್ಲಿ ಬಳ್ಳಿಗೆ ಫ್ರಾನ್ಸಿನಂತಹ ಚಳಿಗಾಲದ ವಿಶ್ರಾಂತಿ ಇಲ್ಲ. ಕೊಯ್ಲೂ ಬೇಸಿಗೆಯ ಮೊದಲಲ್ಲಿ. ಆದ್ದರಿಂದ ಅಲ್ಲಿನ ಪಂಚಾಂಗ ಇಲ್ಲಿಗೆ ಹೊಂದದು. ಹೊಸದಾಗಿ ನೆಡುವವರು ಈ ಮೂರು ಅಂಶಗಳನ್ನು ಮರೆಯಬಾರದು:

1. ತಳಿ ಖಚಿತವಾದ, ನಂಬಿಕೆಯ ಮೂಲದಿಂದಲೇ ಸಸಿ ಪಡೆಯಬೇಕು.
2. ಪ್ರತಿ ಸಾಲಿಗೂ ತಳಿಯ ಹೆಸರಿನ ಫಲಕ ಹಾಕಿ, ಬೆರಕೆ ಬಳ್ಳಿಗಳನ್ನು ಗುರುತಿಸಬೇಕು.
3. ಪ್ರತಿ ತಳಿಯ ಸಕ್ಕರೆ, ಹುಳಿ ಪರೀಕ್ಷಿಸಿ ಬೇರೆ ಬೇರೆಯಾಗಿ ಕೊಯ್ಯಬೇಕು.

ಕಡ್ಡಿಯನ್ನು ದೂರದೇಶದಿಂದ ತರಬಹುದು. ಕೊಯ್ಲಿನ ಹದವನ್ನು ಸ್ವಂತ ತೋಟದಲ್ಲಿಯೇ ಕಂಡುಕೊಳ್ಳಬೇಕು.